ನಿಮ್ಮ ‘ಜೀರ್ಣೋದ್ಧಾರ’ ಲೇಖನದ ಬಗ್ಗೆ

ನಮಸ್ಕಾರ,

ಗೋವಾದ ವಾಸ್ಕೋದ ನಮ್ಮ ವಾರ್ಷಿಕ ಸಂಚಿಕೆಗೆ ನೀವು ಕಳಿಸಿದ ‘ಜೀರ್ಣೋದ್ಧಾರ: ಒಂದು ಪದದ ಕಥೆ’ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ವಿಷಯ ಚೆನ್ನಾಗಿದೆ.

ಮೊದಲ ಪುಟ ಪೂರ್ತಿ ತೆಗೆಯಿರಿ. ‘ರೆಸ್ಟೋರೇಶನ್’ ಲ್ಯಾಟಿನ್‌ನಿಂದ ಬಂದ ಕಥೆ ನಮ್ಮ ಓದುಗರಿಗೆ ಯಾಕೆ? ಜೀರ್ಣ ಅಂದರೆ ಸವೆದದ್ದು, ಹಳತಾದದ್ದು. ಮುಪ್ಪನ್ನು ಹೇಳುವ ‘ಜರೆ’ಯೂ ಅದೇ ಧಾತುವಿನದು. ತಿಂದದ್ದು ಕರಗಿದರೂ ಜೀರ್ಣವೇ. ಉದ್ಧಾರ ಅಂದರೆ ಮೇಲಕ್ಕೆತ್ತುವುದು. ‘ನೀನು ಉದ್ಧಾರ ಆಗಲ್ಲ’ ಎಂದು ಬೈಸಿಕೊಂಡು ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು.

ನೀವು ಬಿಟ್ಟಿರುವುದೇ ಮುಖ್ಯ ಭಾಗ. ಹಳೆಯ ಕನ್ನಡ ಶಾಸನಗಳಲ್ಲಿ ಈ ಪದ ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ. ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂದು ಬರುತ್ತದೆ. ಖಂಡ, ಮುರಿದದ್ದು. ಸ್ಫುಟಿತ, ಬಿರುಕು ಬಿಟ್ಟದ್ದು. ಗುಡಿಗೆ ಭೂಮಿ ಬಿಡುವಾಗ ದೇವರ ಪೂಜೆ, ನೈವೇದ್ಯಗಳ ಜೊತೆಗೇ ಈ ಖರ್ಚನ್ನೂ ಬರೆಸುತ್ತಿದ್ದರು. ಅಂದರೆ ಗುಡಿ ಗಟ್ಟಿಯಾಗಿ ನಿಂತಿರುವಾಗಲೇ ಮುಂದಿನ ರಿಪೇರಿಗೆ ಆದಾಯ ಗೊತ್ತುಮಾಡಿ ಇಡುತ್ತಿದ್ದರು. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗಳಿಗೆ ಇವತ್ತಿಗೂ ಬಾರದ ಬುದ್ಧಿ! ಲೇಖನ ಇಲ್ಲಿಂದ ಶುರುವಾಗಲಿ.

ಇನ್ನು ಗೋವಾದ ನಾರ್ವೆ ಊರಿನ ಸಪ್ತಕೋಟೇಶ್ವರ ಗುಡಿ. ಉದಾಹರಣೆ ಒಳ್ಳೆಯದೇ, ಆದರೆ ಅಲ್ಲಿ ನಡೆದದ್ದೆಲ್ಲವನ್ನೂ ‘ಜೀರ್ಣೋದ್ಧಾರ’ ಎಂಬ ಒಂದೇ ಪದದಲ್ಲಿ ಮುಗಿಸಿದ್ದೀರಿ. ಗೋವಾ ಕದಂಬರ ಈ ಕುಲದೇವರ ಗುಡಿ ಇದ್ದದ್ದು ದಿವಾಡಿ ದ್ವೀಪದಲ್ಲಿ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಕೆಡವಿದರು. ಲಿಂಗ ಹೊಳೆ ದಾಟಿ ನಾರ್ವೆಗೆ ಬಂತು. ಅಲ್ಲಿ ಶಿವಾಜಿ ಮಹಾರಾಜರು ಗುಡಿಯ ಕೆಲಸ ಶುರುಮಾಡಿಸಿದ್ದು 1668ರಲ್ಲಿ. ದಿವಾಡಿಯ ಹಳೆಯ ಗೋಡೆಯೇ ಇಲ್ಲದ ಕಡೆ ಎತ್ತಿ ನಿಲ್ಲಿಸುವುದು ಏನನ್ನು? ಅದು ಮರುಪ್ರತಿಷ್ಠೆ. 2023ರಲ್ಲಿ ಸರ್ಕಾರ ಮುಗಿಸಿದ ಕೆಲಸವನ್ನು ಜೀರ್ಣೋದ್ಧಾರ ಅನ್ನಿ, ಒಪ್ಪುತ್ತೇನೆ. ಈ ವ್ಯತ್ಯಾಸ ಬಿಡಿಸಿ ಬರೆದರೆ ಲೇಖನಕ್ಕೆ ತೂಕ ಬರುತ್ತದೆ. ದಿನಾ ಗೋವಾ ಸರ್ಕಾರದ ‘ಕದಂಬ’ ಬಸ್ಸು ಹತ್ತುವ ನಮ್ಮವರಲ್ಲಿ ಎಷ್ಟೋ ಜನಕ್ಕೆ ಆ ರಾಜರು ಕನ್ನಡದಲ್ಲೂ ಶಾಸನ ಬರೆಸಿದ್ದು ಗೊತ್ತಿಲ್ಲ. ಅದಕ್ಕೂ ಒಂದು ಸಾಲು ಕೊಡಿ.

‘ಆಪರೇಷನ್ ನಂತರ ಅಪ್ಪನ ಆರೋಗ್ಯ ಜೀರ್ಣೋದ್ಧಾರವಾಯಿತು’ ಎಂದು ಬರೆದಿದ್ದೀರಿ. ತಮಾಷೆಗೆ ಬರೆದಿದ್ದರೆ ಸರಿ. ಇಲ್ಲದಿದ್ದರೆ ಅಪ್ಪ ಸುಮ್ನೆ ಚೇತರಿಸಿಕೊಳ್ಳಲಿ. ‘ಆರ್ಥಿಕತೆಯ ಜೀರ್ಣೋದ್ಧಾರ’ವೂ ಬೇಡ.

ಅರ್ಧಕ್ಕೆ ಇಳಿಸಿ, ತಿಂಗಳೊಳಗೆ ಕಳಿಸಿ. ನಾರ್ವೆಗೆ ಹೋದರೆ 1668ರ ಶಾಸನದ ಒಂದು ಸ್ಪಷ್ಟ ಫೋಟೋ ತನ್ನಿ. ಮೊದಲು ಕಳಿಸಿದ ಚಿತ್ರದಲ್ಲಿ ನೀವೇ ಜಾಸ್ತಿ ಕಾಣುತ್ತಿದ್ದೀರಿ.

ಇಂತಿ,
ಸಂಪಾದಕ