ಸ್ಪೀಕರ್ ಗುಂಯ್ ಅನ್ನುತ್ತದೆ, ಫಿಲ್ಟರ್ ಹಾಕಿದರೆ ಸರಿಹೋಗುತ್ತದಾ?

ಮಂಡ್ಯದ ಮನೆಯ ಚಿಕ್ಕ ರೂಮಿನಲ್ಲಿ ಹೊಸ ಬುಕ್‌ಶೆಲ್ಫ್ ಸ್ಪೀಕರ್ ಇಟ್ಟಿದ್ದೀರಿ. ಲ್ಯಾಪ್‌ಟಾಪಿನಿಂದ ಹಾಡು ಹಾಕಿದರೆ ಬೇಸ್, ಅಂದರೆ ತಗ್ಗು ಸ್ವರ, ಗುಂಯ್ ಅಂದು, ಹಾಡುವವರ ದನಿ ಅದರಡಿ ಮುಚ್ಚಿಹೋಗುತ್ತದೆ. ಸ್ಪೀಕರ್ ಬದಲಾಯಿಸಲೋ, ಫಿಲ್ಟರ್ (ಉಬ್ಬಿದ ಸ್ವರವನ್ನಷ್ಟೇ ತಗ್ಗಿಸುವ ಸೆಟ್ಟಿಂಗ್) ಹಾಕಲೋ ಅಂತ ಕೇಳಿದ್ದೀರಿ. ದಯವಿಟ್ಟು ಮಾರಬೇಡಿ. ನಾನು ಒಂದು ಜೋಡಿ ಮಾರಿ ಬೇರೆ ತಂದೆ. ಅದೂ ಅದೇ ಜಾಗದಲ್ಲಿ ಅದೇ ಥರ ಗುಂಯ್ ಅಂದ ಮೇಲೆ ಬುದ್ಧಿ ಬಂತು. ತಪ್ಪು ರೂಮಿನದ್ದು.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು 12 ಅಡಿ ಉದ್ದ, 10 ಅಡಿ ಅಗಲದ ರೂಮು. ಎತ್ತರವೂ 10 ಅಡಿ. ಅದೇ ಎಡವಟ್ಟು. ಎದುರುಬದುರು ಗೋಡೆಗಳ ಅಂತರ ಒಂದು ಸ್ವರದ ಅಲೆಯ ಉದ್ದದ ಅರ್ಧದಷ್ಟಾದಾಗ ಆ ಸ್ವರ ರೂಮಿನಲ್ಲಿ ಉಬ್ಬುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಅದನ್ನು ಮೀಟರಿನಲ್ಲಿ ಅಳೆದ ಅಂತರದ ಎರಡರಷ್ಟರಿಂದ ಭಾಗಿಸಿ. 12 ಅಡಿಗೆ 47 ಹರ್ಟ್ಸ್ (ಸೆಕೆಂಡಿಗೆ 47 ಕಂಪನ), 10 ಅಡಿಗೆ ಸುಮಾರು 57. ನನಗೆ ಅಗಲ, ಎತ್ತರ ಎರಡೂ ಒಂದೇ, ಹಾಗಾಗಿ 57ರ ಹತ್ತಿರ ಡಬಲ್ ಏಟು. ಬೇಸ್ ಗಿಟಾರಿನ ಎ ತಂತಿ 55 ಹರ್ಟ್ಸ್! ಸಿನಿಮಾ ಹಾಡಿನಲ್ಲಿ ಆ ಸ್ವರ ಬಂದಾಗಲೆಲ್ಲ ಅಡುಗೆಮನೆಯ ಸ್ಟೀಲ್ ತಟ್ಟೆ ನಡುಗುತ್ತಿತ್ತು. ಬರೀ ಕೊಳಲು ಕೇಳುವಾಗ ಏನೂ ತೊಂದರೆ ಇರಲಿಲ್ಲ. ನನಗೆ ಅನುಮಾನ ಬಂದಿದ್ದೇ ಅದರಿಂದ.

ಮೊದಲು ಜಾಗ ಬದಲಿಸಿ. ಸ್ಪೀಕರ್ ಮೂಲೆಯಿಂದ ಒಂದೂವರೆ ಅಡಿ ಮುಂದೆ ಬರಲಿ. ಕೂರುವ ದಿವಾನ ಹಿಂದಿನ ಗೋಡೆಗೆ ಅಂಟಿದ್ದರೆ ಅದನ್ನೂ ಎಳೆಯಿರಿ, ಗೋಡೆಯ ಪಕ್ಕದಲ್ಲೇ ಬೇಸ್ ಜಾಸ್ತಿ. ಜಮಖಾನ ಹಾಸಿ ಅಂತ ಎಲ್ಲರೂ ಹೇಳುತ್ತಾರೆ. ಹಾಸಿ, ರೆಡ್ ಆಕ್ಸೈಡ್ ನೆಲದ ಕಿಣಿಕಿಣಿ ಕಡಿಮೆಯಾಗುತ್ತದೆ. ಬೇಸ್‌ಗೆ ಮಾತ್ರ ಅದು ಲೆಕ್ಕಕ್ಕೇ ಇಲ್ಲ.

ಆಮೇಲೆ ಯಾವ ಸ್ವರ ಉಬ್ಬುತ್ತದೆ ಅನ್ನುವ ಅಳತೆ. ರೂಮ್ ಇಕ್ಯೂ ವಿಜಾರ್ಡ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಯುಮಿಕ್-1 ಥರದ ಅಳತೆ ಮೈಕ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದೊಂದೇ ಸ್ವರ ನುಡಿಸುವ ಟೋನ್ ಜನರೇಟರ್‌ನಲ್ಲಿ, ವಾಲ್ಯೂಮ್ ಕಡಿಮೆ ಇಟ್ಟು, 30ರಿಂದ 150 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರಿಸುತ್ತಾ ಹೋಗಿ. ಎಲ್ಲಿ ಉಬ್ಬುತ್ತದೆ ಅಂತ ಕಿವಿಗೇ ಗೊತ್ತಾಗುತ್ತದೆ.

ಫಿಲ್ಟರ್‌ಗೆ ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಸಾಕು, ಅದೂ ಉಚಿತ. ನನ್ನದು ಒಂದೇ ಫಿಲ್ಟರ್: 57 ಹರ್ಟ್ಸ್, ಮೈನಸ್ 7 ಡೆಸಿಬಲ್, ಕ್ಯೂ 5. ಕ್ಯೂ ಜಾಸ್ತಿಯಾದಷ್ಟೂ ಕತ್ತರಿಸುವ ಜಾಗ ಕಿರಿದು. ಸುಮ್ನೆ ಕ್ಯೂ 1 ಇಟ್ಟು ನೋಡಿದೆ, ಮೃದಂಗದ ಎಡಗೈ ಪೆಟ್ಟೇ ಸೊರಗಿಹೋಯಿತು.

ಅಳತೆಯ ಗ್ರಾಫಿನಲ್ಲಿ ಹಳ್ಳಗಳೂ, ಅಂದರೆ ಸದ್ದು ಕುಗ್ಗಿದ ಸ್ವರಗಳೂ, ಕಾಣುತ್ತವೆ. ತುಂಬಿಸೋಣ ಅನ್ನಿಸುತ್ತದೆ, ಬೇಡ. ನನಗೆ 80ರ ಹತ್ತಿರ ಒಂದು ಹಳ್ಳ ಇತ್ತು. 9 ಡೆಸಿಬಲ್ ಏರಿಸಿದೆ. ಅಂದರೆ ಆ ಸ್ವರಕ್ಕೆ ಆಂಪ್ಲಿಫೈಯರ್ ಎಂಟು ಪಟ್ಟು ಪವರ್ ಕೊಡಬೇಕು. ಹಳ್ಳ ಹಾಗೇ ಇತ್ತು, ವೂಫರ್ ಮಾತ್ರ ಪಟಪಟ ಅನ್ನಲು ಶುರು ಮಾಡಿತು. ಅಲ್ಲಿ ನೇರ ಬಂದ ಅಲೆಯನ್ನು ಗೋಡೆಗೆ ಬಡಿದು ಬಂದ ಅಲೆ ಹೊಡೆದುಹಾಕುತ್ತಿರುತ್ತದೆ. ಒಂದನ್ನು ಏರಿಸಿದರೆ ಇನ್ನೊಂದೂ ಅಷ್ಟೇ ಏರುತ್ತದೆ ಅಲ್ವಾ? ಕೊನೆಗೆ ಫಿಲ್ಟರ್ ತೆಗೆದು ದಿವಾನವನ್ನು ಇನ್ನೊಂದಡಿ ಮುಂದೆ ಸರಿಸಿದೆ, ಹಳ್ಳ ಅರ್ಧ ಮುಚ್ಚಿತು. ದಿವಾನ ಹೀಗೆ ನಡುರೂಮಿಗೆ ಬಂದಿದ್ದು ಮಾತ್ರ ಮನೆಯವರಿಗೆ ಇನ್ನೂ ಸರಿಬಂದಿಲ್ಲ.