ಒಂದು ಶಂಖ, ಐದು ಚೀಟಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಂಶೋಧನೆಯ ಸಲುವಾಗಿ ಒಂದು ವಸ್ತುಸಂಗ್ರಹಾಲಯದ ಹಳೆಯ ಚಿಪ್ಪುಗಳನ್ನು ಪರಿಶೀಲಿಸುತ್ತಿದ್ದೇನೆ. ಒಂದು ಟ್ರೇಯಲ್ಲಿ ಒಂದೇ ಶಂಖವಿದೆ, ಚೀಟಿಗಳು ಮಾತ್ರ ಐದು. ಕಂಪ್ಯೂಟರ್‌ನಲ್ಲಿ ಮುದ್ರಿಸಿದ ಮೇಲಿನ ಚೀಟಿಯಲ್ಲಿ ಟರ್ಬಿನೆಲ್ಲಾ ಪೈರಮ್ ಎಂದೂ, ಟೈಪ್ ಮಾಡಿದ ಎರಡನೆಯದರಲ್ಲಿ ಕ್ಸಾಂಕಸ್ ಪೈರಮ್ ಎಂದೂ, ಕಂದು ಶಾಯಿಯ ಕೈಬರಹದ ಮೂರನೆಯದರಲ್ಲಿ ಮತ್ತೆ ಟರ್ಬಿನೆಲ್ಲಾ ಎಂದೂ, ಅಂಚುಗೆರೆಯ ಪುಟ್ಟ ಚೀಟಿಯಲ್ಲಿ ವೊಲ್ಯೂಟಾ ಪೈರಮ್ ಎಂದೂ ಇದೆ. ಐದನೆಯದರಲ್ಲಿ ಬರೀ ಒಂದು ಸಂಖ್ಯೆ. ಬೇರೆ ಬೇರೆ ಚಿಪ್ಪುಗಳ ಚೀಟಿಗಳು ಇಲ್ಲಿ ಬೆರೆತಿರಬಹುದೇ? ಯಾವುದನ್ನು ನಂಬಬೇಕು?

ಉತ್ತರ: ಬೆರೆತಿರಲೂಬಹುದು, ಆದರೆ ಹೆಸರುಗಳು ಬೇರೆ ಬೇರೆಯಾಗಿವೆ ಎಂಬುದೊಂದೇ ಅದಕ್ಕೆ ಸಾಕ್ಷಿಯಾಗದು. ನೀವು ಓದಿರುವ ಹೆಸರುಗಳೆಲ್ಲ ಒಂದೇ ಪ್ರಭೇದಕ್ಕೆ ಸೇರಿದವು. ಈ ಶಂಖಕ್ಕೆ ವೊಲ್ಯೂಟಾ ಪೈರಮ್ ಎಂದು 1767ರಲ್ಲಿ ಹೆಸರಿಟ್ಟವರು ಸ್ವೀಡನ್ನಿನ ನಿಸರ್ಗವಿಜ್ಞಾನಿ ಲಿನೇಯಸ್. ಚಿಪ್ಪಿನ ಬಾಯೊಳಗೆ ಇಣುಕಿದಾಗ ಕಾಣುವ ನಡುಗಂಬದ ಮೇಲೆ ಮಡಿಕೆಗಳಿದ್ದರೆ ಅದು ವೊಲ್ಯೂಟಾ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಹಾಗಾಗಿ ಇಂದು ಬೇರೆ ಬೇರೆ ಕುಟುಂಬಗಳಲ್ಲಿ ಇಡುವ ಮೈಟರ್ ಮತ್ತು ಆಲಿವ್ ಚಿಪ್ಪುಗಳೂ ಅದೇ ಕುಲದಡಿ ಬಂದು ಕುಳಿತಿದ್ದವು. ಫ್ರಾನ್ಸಿನ ನಿಸರ್ಗವಿಜ್ಞಾನಿ ಲಾಮಾರ್ಕ್ 1799ರಲ್ಲಿ ಟರ್ಬಿನೆಲ್ಲಾ ಎಂಬ ಪ್ರತ್ಯೇಕ ಕುಲವನ್ನು ರಚಿಸಿದರು. ಆದರೆ ಅದಕ್ಕೆ ಒಂದೇ ವರ್ಷ ಮೊದಲು, 1798ರಲ್ಲಿ, ಹ್ಯಾಂಬರ್ಗಿನ ಬೋಲ್ಟೆನ್ ಎಂಬ ವೈದ್ಯರು ಬಿಟ್ಟುಹೋದ ಸಂಗ್ರಹದ ಮಾರಾಟಪಟ್ಟಿಯನ್ನು ಸಿದ್ಧಪಡಿಸಿದ ರೋಡಿಂಗ್ ಎಂಬವರು ಇದೇ ಶಂಖಕ್ಕೆ ಕ್ಸಾಂಕಸ್ ಎಂಬ ಹೆಸರನ್ನು ಬಳಸಿದ್ದರು. ಬಹುಕಾಲ ಯಾರೂ ತಿರುಗಿ ನೋಡದಿದ್ದ ಆ ಪಟ್ಟಿಯನ್ನು 20ನೆಯ ಶತಮಾನದ ಆರಂಭದಲ್ಲಿ ವಿದ್ವಾಂಸರು ಮತ್ತೆ ಕೈಗೆತ್ತಿಕೊಂಡಾಗ, ಮೊದಲು ಪ್ರಕಟವಾದ ಹೆಸರಿಗೇ ಮಾನ್ಯತೆ ಎಂಬ ನಿಯಮದಂತೆ ಅನೇಕ ಸಂಗ್ರಹಾಲಯಗಳು ಚೀಟಿಗಳನ್ನು ಕ್ಸಾಂಕಸ್ ಎಂದು ತಿದ್ದಿದವು. ಮುಂದೆ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಆಯೋಗವು ಕ್ಸಾಂಕಸ್ ಅನ್ನು ಬದಿಗಿಟ್ಟು ಟರ್ಬಿನೆಲ್ಲಾವನ್ನೇ ಉಳಿಸಿತು.

ಈ ಶಂಖ ಹೋದ ದಾರಿಯಲ್ಲೇ ಮರಳಿ ಬಂದಿದೆ ಎಂದಾಯಿತು. ನಿಮ್ಮ ಮೂರನೆಯ ಚೀಟಿಗೂ ಮೊದಲನೆಯದಕ್ಕೂ ಹೆಸರು ಒಂದೇ ಆದರೂ ಇವೆರಡರ ನಡುವೆ ಹಲವು ದಶಕಗಳು ಕಳೆದಿರುತ್ತವೆ. ಹೆಸರನ್ನು ನೋಡಿ ಚೀಟಿಯ ವಯಸ್ಸನ್ನು ಅಳೆಯಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ವೊಲ್ಯೂಟಾ ಎಂದು ಬರೆದಿರುವ ಅಂಚುಗೆರೆಯ ಚೀಟಿಯೇ ಎಲ್ಲಕ್ಕಿಂತ ಹಳೆಯದು ಎಂದು ನೀವು ಊಹಿಸಿರಬಹುದು. ಹಳೆಯ ಪುಸ್ತಕವನ್ನೇ ನೆಚ್ಚಿಕೊಂಡ ವ್ಯಾಪಾರಿಯೊಬ್ಬ ಎಷ್ಟೋ ವರ್ಷಗಳ ಬಳಿಕ ಅದನ್ನು ಬರೆದಿರುವ ಸಾಧ್ಯತೆಯೂ ಅಷ್ಟೇ ಇದೆ. ಕಾಗದ, ಶಾಯಿ, ಅಚ್ಚಿನ ಅಂಚು, ಕೈಬರಹ ಇವೇ ಕಾಲವನ್ನು ಹೇಳುವಂಥವು. ಚೀಟಿಯ ಹಿಂಬದಿಯನ್ನು ನೋಡುವುದನ್ನಂತೂ ಮರೆಯಬೇಡಿ. ಕಾಗದವನ್ನು ಉಳಿಸಲು ಹಳೆಯ ಚೀಟಿಯ ಬೆನ್ನಿನ ಮೇಲೇ ಹೊಸ ಹೆಸರನ್ನು ಬರೆದವರೂ ಇದ್ದರು.

ಇನ್ನು ನಂಬಿಕೆಯ ವಿಷಯ. ಹೆಸರಿರುವ ನಾಲ್ಕು ಚೀಟಿಗಳೂ ಒಬ್ಬೊಬ್ಬರ ಅಭಿಪ್ರಾಯವನ್ನು ಹೇಳುತ್ತವೆ; ಸಂಖ್ಯೆಯ ಚೀಟಿ ಒಂದು ಘಟನೆಯನ್ನು, ಎಂದರೆ ಚಿಪ್ಪು ಸಂಗ್ರಹಾಲಯದ ಬಾಗಿಲೊಳಗೆ ಬಂದ ದಿನವನ್ನು, ಸೂಚಿಸುತ್ತಿರಬಹುದು. ಆದ್ದರಿಂದ ಮೊದಲು ನೋಂದಣಿ ಪುಸ್ತಕವನ್ನು ತೆಗೆಸಿ ಆ ಸಂಖ್ಯೆಯ ಎದುರು ಏನಿದೆ ಎಂದು ನೋಡಿ. ಅಲ್ಲಿ ಮೂರು ಚಿಪ್ಪು ಎಂದಿದ್ದು ಟ್ರೇಯಲ್ಲಿ ಒಂದೇ ಇದ್ದರೆ, ಉಳಿದೆರಡು ಇನ್ನೊಂದು ಡ್ರಾಯರಿನಲ್ಲಿ ಇನ್ನೊಂದು ಹೆಸರಿನಡಿ ಕುಳಿತಿರುವ ಸಂಭವವಿದೆ. ಚಿಪ್ಪಿನ ಮೇಲೆಯೂ ಸಂಖ್ಯೆ ಇದೆಯೇ ಎಂದು ಬಾಯಿಯ ಒಳ ಅಂಚಿನಲ್ಲಿ ದೀಪವನ್ನು ಓರೆಯಾಗಿ ಹಿಡಿದು ಹುಡುಕಿ. ಶಾಯಿಯಲ್ಲಿ ಬರೆದ 606 ಅನ್ನು ಚಿಪ್ಪನ್ನು ತಿರುವುಮುರುವಾಗಿ ಹಿಡಿದು 909 ಎಂದು ಓದಿ, ಎರಡು ದಿನ ಯಾರದೋ ಕವಡೆಗಳ ದಾಖಲೆಯಲ್ಲಿ ತಡಕಾಡಿದವನು ನಾನು. ಆ ತಪ್ಪು ನಿಮ್ಮಿಂದ ಆಗದಿರಲಿ. ಇನ್ನೂ ಒಂದು ಎಚ್ಚರಿಕೆ ಬೇಕು. ಎಲ್ಲ ಸಂಖ್ಯೆಯೂ ನೋಂದಣಿ ಸಂಖ್ಯೆಯಲ್ಲ. ಲಿನೇಯಸ್ ತಮ್ಮ ಚಿಪ್ಪುಗಳ ಮೇಲೆ ಹಾಕಿದ್ದು ತಮ್ಮ ಪುಸ್ತಕದಲ್ಲಿ ಆ ಪ್ರಭೇದಕ್ಕಿದ್ದ ಕ್ರಮಾಂಕವನ್ನು. ಬೇರೆ ಬೇರೆ ವರ್ಷ, ಬೇರೆ ಬೇರೆ ಕಡೆಯಿಂದ ಬಂದ ಚಿಪ್ಪುಗಳ ಮೇಲೆಲ್ಲ ಒಂದೇ ಸಂಖ್ಯೆ ಕಂಡುಬಂದರೆ ಅದು ಇಂಥದ್ದೇ ಪುಸ್ತಕದ ಕ್ರಮಾಂಕವಿರಬೇಕು.

ಪ್ರಶ್ನೆ: ಲಿನೇಯಸ್, ಲಾಮಾರ್ಕ್ ಮುಂತಾದವರ ಸಂಗ್ರಹದಲ್ಲಿ ಇಂದು ಇರುವ ಚಿಪ್ಪನ್ನು ಅವರು ವರ್ಣಿಸಿದ ಮೂಲ ಮಾದರಿಯೆಂದೇ ತಿಳಿಯಬಹುದಲ್ಲವೇ?

ಉತ್ತರ: ಹಾಗೆ ತಿಳಿಯಲಾಗದು. ಲಿನೇಯಸ್ 1778ರಲ್ಲಿ ತೀರಿಕೊಂಡರು. ಅವರ ಸಂಗ್ರಹವನ್ನು ಜೇಮ್ಸ್ ಎಡ್ವರ್ಡ್ ಸ್ಮಿತ್ 1784ರಲ್ಲಿ ಕೊಂಡು ಲಂಡನ್ನಿಗೆ ತರಿಸಿದರು, 1829ರಲ್ಲಿ ಅದು ಲಿನಿಯನ್ ಸೊಸೈಟಿಯ ಪಾಲಾಯಿತು. ಈ ನಡುವೆ ಬೇರೆ ಚಿಪ್ಪುಗಳೂ ಅದರೊಳಗೆ ಸೇರಿಕೊಂಡವು. ಯಾವುದು ಲಿನೇಯಸ್ ಕಂಡದ್ದು, ಯಾವುದು ಆಮೇಲೆ ಬಂದದ್ದು ಎಂದು ಬಿಡಿಸಲು ಸಿಲ್ವೇನಸ್ ಹ್ಯಾನ್ಲಿ 1855ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆಯಬೇಕಾಯಿತು. ಸಾಲದ್ದಕ್ಕೆ ಲಿನೇಯಸ್ ಸ್ವೀಡನ್ನಿನ ರಾಣಿ ಲೂಯಿಸಾ ಉಲ್ರಿಕಾ ಅವರ ಸಂಗ್ರಹದ ಚಿಪ್ಪುಗಳನ್ನೂ ಆಧರಿಸಿ ಬರೆದಿದ್ದರು. ಅವು ಇರುವುದು ಉಪ್ಸಾಲಾದಲ್ಲಿ.

ಲಾಮಾರ್ಕ್ ಅವರ ವಿಷಯದಲ್ಲಿ ಹುಡುಕುವವರಿಗೆ ಒಂದು ಅನುಕೂಲವಿದೆ. ಅಕಶೇರುಕಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಅವರು ಚಿಪ್ಪು ‘ನನ್ನ ಸಂಗ್ರಹ’ದ್ದೋ ಪ್ಯಾರಿಸ್ಸಿನ ‘ಸಂಗ್ರಹಾಲಯ’ದ್ದೋ ಎಂಬುದನ್ನು ಗುರುತಿಸುತ್ತಿದ್ದರು, ಹಲವೆಡೆ ಉದ್ದವನ್ನೂ ಕೊಟ್ಟಿದ್ದಾರೆ. ಅವರ ಸ್ವಂತ ಸಂಗ್ರಹವು ಮಸ್ಸೇನಾ ಮನೆತನದ ಕೈಗೆ, ಅಲ್ಲಿಂದ ಬೆಂಜಮಿನ್ ಡೆಲೆಸ್ಸರ್ ಅವರ ಕೈಗೆ ಹೋಗಿ, ಅವರ ದೊಡ್ಡ ಸಂಗ್ರಹದೊಡನೆ ಒಂದಾಗಿ, 1869ರಲ್ಲಿ ಜಿನೀವಾ ಸೇರಿತು. ಆದ್ದರಿಂದ ಜಿನೀವಾದ ಡ್ರಾಯರಿನಲ್ಲಿ ಒಂದೇ ಪ್ರಭೇದದ ನಾಲ್ಕು ಚಿಪ್ಪುಗಳಿದ್ದರೆ, ಲಾಮಾರ್ಕ್ ಕೊಟ್ಟ ಅಳತೆಗೆ ಕೂಡಿಬರುವುದು ಯಾವುದು ಎಂದು ಕ್ಯಾಲಿಪರ್ ಹಿಡಿದು ನೋಡುವುದು ಮೊದಲ ಕೆಲಸ. ಅಳತೆಯು ಕೂಡಿಬಂದರೂ ಕೈಬರಹದ ಚೀಟಿಯೊಂದು ಜೊತೆಗಿರದಿದ್ದರೆ ನಾನಾದರೆ ‘ಇರಬಹುದು’ ಎಂದಷ್ಟೇ ಬರೆಯುತ್ತೇನೆ.

ಇಂಗ್ಲೆಂಡಿನ ಚಿಪ್ಪುಸಂಗ್ರಾಹಕ ಹ್ಯೂ ಕ್ಯೂಮಿಂಗ್ ಅವರ ಚಿಪ್ಪುಗಳ ಕಥೆಯು ಇನ್ನಷ್ಟು ತೊಡಕಿನದು. ಪೆಸಿಫಿಕ್ ದ್ವೀಪಗಳು, ದಕ್ಷಿಣ ಅಮೆರಿಕದ ಕರಾವಳಿ, ಫಿಲಿಪ್ಪೀನ್ಸ್ ಸುತ್ತಿ ಅವರು ಕೂಡಿಹಾಕಿದ 82,000ಕ್ಕೂ ಹೆಚ್ಚು ಚಿಪ್ಪುಗಳನ್ನು ಬ್ರಿಟಿಷ್ ಮ್ಯೂಸಿಯಂ 1866ರಲ್ಲಿ 6,000 ಪೌಂಡಿಗೆ ಕೊಂಡಿತು. ತೆರೆದ ಡ್ರಾಯರುಗಳನ್ನು ಅಂಗಳ ದಾಟಿಸುವಾಗ ಗಾಳಿಗೆ ಚೀಟಿಗಳು ಹಾರಿಹೋದವು ಎಂದು ಹೇಳುವ ಕಥೆಯೊಂದಿದೆ. ಕಥೆ ಸೊಗಸಾಗಿದೆ, ಅದಕ್ಕೇ ನನಗೆ ಅನುಮಾನ. ಗಾಳಿ ಬೀಸದಿದ್ದರೂ ಗೊಂದಲಕ್ಕೆ ಕೊರತೆಯಿರಲಿಲ್ಲ: ಕ್ಯೂಮಿಂಗ್ ಅವರ ಸ್ಥಳದ ಟಿಪ್ಪಣಿಗಳೇ ಎಲ್ಲ ಕಡೆ ನಂಬುವಂತಿಲ್ಲ, ಮೇಲಾಗಿ ಆ ಕಾಲದಲ್ಲಿ ಚಿಪ್ಪುಗಳನ್ನು ಹಲಗೆಗೆ ಅಂಟಿಸಿ ವಿವರವನ್ನು ಹಲಗೆಯ ಮೇಲೆ ಬರೆಯುವ ಪದ್ಧತಿಯಿತ್ತು. ಆಮೇಲೆ ಬಂದವರು ಚಿಪ್ಪನ್ನು ಹಲಗೆಯಿಂದ ಕಿತ್ತು ಹೊಸ ಗುಂಪಿಗೆ ಸೇರಿಸಿದರೆ ವಿವರವು ಹಲಗೆಯಲ್ಲೇ ಉಳಿಯುತ್ತದೆ. ಇಂಥ ಚಿಪ್ಪುಗಳಿಗೆ ಹಳೆಯ ಚಿತ್ರಗಳೇ ಗತಿ. ಚಿಪ್ಪುಗಳನ್ನು ಕುರಿತ ಲವೆಲ್ ರೀವ್ ಅವರ ಸಚಿತ್ರ ಸಂಪುಟಗಳು 1843ರಿಂದ ಹೊರಬರತೊಡಗಿದವು. ಅವುಗಳಲ್ಲಿನ ಚಿತ್ರಗಳಿಗೆ ಕ್ಯೂಮಿಂಗ್ ಅವರ ಎಷ್ಟೋ ಚಿಪ್ಪುಗಳು ಆಧಾರವಾಗಿದ್ದವು. ತುಟಿಯ ಒಂದು ಮುಕ್ಕು, ಬೆಳವಣಿಗೆ ನಿಂತು ಮುಂದುವರಿದ ಗಾಯದ ಗೆರೆ, ಪಟ್ಟೆಯು ಕವಲೊಡೆದ ಜಾಗ ಇವು ಚಿತ್ರಕ್ಕೂ ಚಿಪ್ಪಿಗೂ ಒಂದೇ ಆಗಿದ್ದರೆ ಅದನ್ನು ಮೀರಿಸುವ ಚೀಟಿಯಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿನ ಚಿಪ್ಪುಗಳನ್ನು ಮರದ ಕಪಾಟಿನಿಂದ ಉಕ್ಕಿನ ಕಪಾಟಿಗೆ ಸಾಗಿಸಬೇಕಾಗಿದೆ. ಕೆಲವು ಚಿಪ್ಪುಗಳ ಮೇಲೆ ಬಿಳಿ ಹುಡಿ ಕಾಣುತ್ತಿದೆ. ಇದೇ ಸಂದರ್ಭದಲ್ಲಿ ಹೊಸ ವರ್ಗೀಕರಣದಂತೆ ಜೋಡಿಸಿ, ಹಳೆಯ ಚೀಟಿಗಳನ್ನು ತೆಗೆದುಹಾಕಬಹುದೇ?

ಉತ್ತರ: ಚೀಟಿ ತೆಗೆಯಬೇಡಿ, ಒಂದನ್ನೂ. ಬಿಳಿ ಹುಡಿಯನ್ನು 1899ರಲ್ಲಿ ಅದರ ಬಗ್ಗೆ ಬರೆದವರ ಹೆಸರಿನಿಂದ ಬೈನ್ ರೋಗ ಎನ್ನುತ್ತಾರೆ. ರೋಗವೆಂಬುದು ಹೆಸರಿಗೆ ಮಾತ್ರ: ಓಕ್‌ನಂಥ ಮರ ಮತ್ತು ಕೆಲವು ರಟ್ಟುಗಳಿಂದ ಹೊರಡುವ ಅಸಿಟಿಕ್, ಫಾರ್ಮಿಕ್ ಆಮ್ಲಗಳ ಆವಿಯು ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ತಿನ್ನುವುದರಿಂದ ಹುಡಿಯಂತೆ ಕಾಣುವ ಆ ಲವಣ ಮೂಡುತ್ತದೆ. ಆದ್ದರಿಂದ ಸಾಗಿಸುವ ನಿರ್ಧಾರವು ಸರಿಯಾದದ್ದೇ. ಆದರೆ ಸಾಗಿಸುವುದನ್ನೂ ಮರುಜೋಡಿಸುವುದನ್ನೂ ಒಟ್ಟಿಗೆ ಮಾಡಬೇಡಿ; ಮೊದಲು ಇದ್ದ ಕ್ರಮದಲ್ಲೇ ಹೊಸ ಕಪಾಟಿಗೆ ಇಳಿಸಿ, ಪ್ರತಿ ಡ್ರಾಯರಿನ ಚಿತ್ರ ತೆಗೆದು, ಆಮೇಲೆ ಹೆಸರಿನ ಕೆಲಸಕ್ಕೆ ಕೈಹಾಕಿ.

ಹೊಸ ವರ್ಗೀಕರಣದ ಆತುರವನ್ನೂ ನಾನು ಅಷ್ಟಾಗಿ ಒಪ್ಪುವುದಿಲ್ಲ. ಕೋನಸ್ ಎಂಬ ಒಂದೇ ಕುಲದಲ್ಲಿದ್ದ ಶಂಕುಚಿಪ್ಪುಗಳನ್ನು 2009ರಲ್ಲಿ ಪ್ರಕಟವಾದ ಒಂದು ವರ್ಗೀಕರಣವು ಹತ್ತಾರು ಕುಲಗಳಾಗಿ ಒಡೆಯಿತು. 2014ರಲ್ಲಿ ಡಿಎನ್‌ಎ ಆಧಾರದ ಅಧ್ಯಯನವೊಂದು ಅವನ್ನು ನಾಲ್ಕಕ್ಕೆ ಇಳಿಸಿತು. ಐದು ವರ್ಷದೊಳಗೆ ಎರಡು ಬಾರಿ ಡ್ರಾಯರು ಬದಲಿಸಿದ್ದರೆ ಎಷ್ಟು ಚೀಟಿ ಕಳೆಯುತ್ತಿತ್ತೋ! ಕುಟುಂಬವನ್ನು ಸ್ಥಿರವಾಗಿಟ್ಟು ಒಳಗಿನ ಹೆಸರುಗಳನ್ನು ಅಕ್ಷರಕ್ರಮದಲ್ಲಿ ಇಡುವುದು ಹೆಚ್ಚು ಬಾಳಿಕೆಯ ಉಪಾಯ. ಹೊಸ ಹೆಸರನ್ನು ಆಮ್ಲರಹಿತ ಕಾಗದದ ಪ್ರತ್ಯೇಕ ಚೀಟಿಯಲ್ಲಿ, ಗುರುತಿಸಿದವರ ಹೆಸರು ಮತ್ತು ದಿನಾಂಕದೊಡನೆ ಬರೆದು ಹಳೆಯವುಗಳ ಜೊತೆಗೇ ಸೇರಿಸಿ. ಚಿಪ್ಪನ್ನು ಒಂದು ಟ್ರೇಯಿಂದ ತೆಗೆದಾಗ ಆ ಜಾಗವನ್ನು ಖಾಲಿ ಬಿಡದೆ, ಅದು ಯಾವ ಕಪಾಟಿನ ಯಾವ ಡ್ರಾಯರಿಗೆ ಯಾವಾಗ ಹೋಯಿತು ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆದ ತುಣುಕೊಂದನ್ನು ಅಲ್ಲಿಡಿ.