ಮಾರಿಷಸ್: ಪತ್ರಿಕೆಗಳು ಬೆಳೆಸಿದ ಗಣ್ಯರು

ಮಾರಿಷಸ್‌ನಷ್ಟು ಚಿಕ್ಕ ದ್ವೀಪದಲ್ಲಿ ಹೇಳಿಕೊಳ್ಳುವಂಥ ಸ್ಥಳೀಯ ಪತ್ರಿಕೆಗಳಿವೆಯೇ, ಅಲ್ಲಿನ ಗಣ್ಯರು ಯಾರು ಎಂದು ತಾವು ಕೇಳಿದ್ದೀರಿ. ಆ ದೇಶದ ಇತಿಹಾಸವನ್ನು ಆಸಕ್ತಿಯಿಂದ ಓದುತ್ತ ಬಂದಿರುವ ನನಗೆ ಇವೆರಡೂ ಒಂದೇ ಪ್ರಶ್ನೆಯಂತೆ ಕಾಣುತ್ತವೆ, ಏಕೆಂದರೆ ಅಲ್ಲಿ ಸಾರ್ವಜನಿಕ ಜೀವನದಲ್ಲಿ ಹೆಸರು ಮಾಡಿದ ಹಲವರು ಪತ್ರಿಕೆಯನ್ನೇ ಮೆಟ್ಟಿಲಾಗಿ ಮಾಡಿಕೊಂಡು ಮೇಲೆ ಬಂದವರು.

ದ್ವೀಪದ ಮೊದಲ ಪತ್ರಿಕೆ ಫ್ರೆಂಚರ ಕಾಲದಲ್ಲಿ, 1773ರಲ್ಲಿ ಹೊರಬಂದಿತು. 1810ರಲ್ಲಿ ಬ್ರಿಟಿಷರು ದ್ವೀಪವನ್ನು ಗೆದ್ದುಕೊಂಡರೂ ನಿವಾಸಿಗಳ ಕಾನೂನು, ಧರ್ಮ, ಆಚಾರಗಳಿಗೆ ಕೈಹಾಕುವುದಿಲ್ಲವೆಂದು ಒಪ್ಪಿದ್ದರಿಂದ ಫ್ರೆಂಚ್ ಭಾಷೆ ಉಳಿಯಿತು. 1908ರ 'ಲ ಮಾರಿಸಿಯಾಂ', 1963ರ 'ಲೆಕ್ಸ್‌ಪ್ರೆಸ್' ಮೊದಲಾದ ದೈನಿಕಗಳು ಇಂದಿಗೂ ಮುಖ್ಯವಾಗಿ ಫ್ರೆಂಚಿನಲ್ಲಿರುವುದು ಇದೇ ಕಾರಣಕ್ಕೆ.

ವಕೀಲ ಆದ್ರಿಯೆಂ ದೆಪಿನೆ 1832ರಲ್ಲಿ 'ಲ ಸೆರ್ನೇಯೆಂ' ಪತ್ರಿಕೆಯನ್ನು ಆರಂಭಿಸಿದರು. ಸರ್ಕಾರದ ಸೆನ್ಸಾರಿನ ವಿರುದ್ಧ ಹೋರಾಡಿದ ಕೀರ್ತಿ ಅವರಿಗೆ ಸಲ್ಲುತ್ತದೆ, ನಿಜ. ಆದರೆ ಆ ಸ್ವಾತಂತ್ರ್ಯವನ್ನು ಅವರು ಬಳಸಿದ್ದು ಗುಲಾಮರನ್ನು ಇಟ್ಟುಕೊಂಡಿದ್ದ ತೋಟದ ಮಾಲೀಕರ ಪರವಾಗಿ. ರಾಜಧಾನಿ ಪೋರ್ಟ್ ಲೂಯಿಯ ಕಂಪನಿ ಉದ್ಯಾನದಲ್ಲಿರುವ ಅವರ ಪ್ರತಿಮೆಯನ್ನು ಕಡೆದವರು ಅವರ ಮಗನೇ ಆದ ಶಿಲ್ಪಿ ಪ್ರೊಸ್ಪೆರ್. ಮಾಲೀಕರ ಈ ದನಿಗೆ ಎದುರಾಗಿ, ಮಿಶ್ರವರ್ಣೀಯರ ಹಕ್ಕುಗಳಿಗಾಗಿ 1843ರಲ್ಲಿ 'ಲಾ ಸೆಂಟಿನೆಲ್' ಹೊರಡಿಸಿದ ರೆಮಿ ಒಲಿಯೆ, ಎರಡೇ ವರ್ಷದಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡರು. ನನ್ನ ಮಟ್ಟಿಗೆ ದೆಪಿನೆಗಿಂತ ಇವರೇ ದೊಡ್ಡವರು.

ಭಾರತೀಯ ಕೂಲಿಕಾರರು 1834ರಿಂದಲೇ ಹಡಗುಗಳಲ್ಲಿ ಬಂದಿಳಿಯತೊಡಗಿದ್ದರೂ ಅವರ ಪರವಾಗಿ ಗಟ್ಟಿಯಾಗಿ ಮಾತಾಡುವ ಪತ್ರಿಕೆಗಾಗಿ ಬಹಳ ಕಾಲ ಕಾಯಬೇಕಾಯಿತು. ಗಾಂಧೀಜಿ 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಮರಳುವ ದಾರಿಯಲ್ಲಿ ಅಲ್ಲಿ ತಂಗಿ, ಅವರ ಸ್ಥಿತಿಯನ್ನು ಕಂಡಿದ್ದರು. ಗಾಂಧೀಜಿಯವರ ಪ್ರೇರಣೆಯಿಂದ 1907ರಲ್ಲಿ ಮಣಿಲಾಲ್ ಡಾಕ್ಟರ್ ಬಂದರು. ಹೆಸರಿನಲ್ಲಿ ಡಾಕ್ಟರ್ ಇದ್ದರೂ ಇವರು ಬ್ಯಾರಿಸ್ಟರು. ಒಂದು ದಿನ ಕೆಲಸಕ್ಕೆ ತಪ್ಪಿಸಿಕೊಂಡರೆ ಎರಡು ದಿನದ ಕೂಲಿ ಮುರಿದುಕೊಳ್ಳುವ 'ಡಬಲ್ ಕಟ್' ಕಬ್ಬಿನ ತೋಟಗಳಲ್ಲಿ ನಡೆಯುತ್ತಿದ್ದ ಕಾಲವದು. ಮಣಿಲಾಲರು ಕೂಲಿಕಾರರ ಮೊಕದ್ದಮೆಗಳನ್ನು ನಡೆಸುತ್ತಲೇ 1909ರಲ್ಲಿ 'ಹಿಂದೂಸ್ತಾನಿ' ಪತ್ರಿಕೆಯನ್ನು ಮೊದಲು ಇಂಗ್ಲಿಷ್ ಮತ್ತು ಗುಜರಾತಿಯಲ್ಲಿ ತಂದರು. ಗುಜರಾತಿ ಬಲ್ಲವರು ಹೆಚ್ಚಾಗಿ ವ್ಯಾಪಾರಿಗಳು. ತೋಟಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹಳಷ್ಟು ಮಂದಿ ಭೋಜಪುರಿ ಆಡುವವರು. ಹಾಗಾಗಿ ಮುಂದೆ ಗುಜರಾತಿಯ ಜಾಗಕ್ಕೆ, ಭೋಜಪುರಿಗೆ ಹತ್ತಿರವಾದ ಹಿಂದಿ ಬಂದಿತು.

ಅನಂತರದ ಪೀಳಿಗೆಯಲ್ಲೂ ಇದೇ ಜಾಡು ಮುಂದುವರಿಯಿತು. ವೈದ್ಯರಾಗಿದ್ದ ಶಿವಸಾಗರ ರಾಮಗುಲಾಮ್ 1940ರಲ್ಲಿ ಆರಂಭವಾದ 'ಅಡ್ವಾನ್ಸ್' ಪತ್ರಿಕೆಯ ಹಿಂದಿದ್ದವರು. ದೇಶ 1968ರ ಮಾರ್ಚ್ 12ರಂದು ಸ್ವತಂತ್ರವಾದಾಗ ಅವರೇ ಪ್ರಧಾನಿ. ಅವರೊಡನೆ ರಾಜಕೀಯವಾಗಿ ಸೆಣಸಿದ ಸುಖದೇವ ಬಿಸುಂದಯಾಲರ ಕೈಯಲ್ಲಿ 'ಜಮಾನಾ' ಪತ್ರಿಕೆಯಿತ್ತು.

ಫ್ರೆಂಚ್ ಬಾರದಿದ್ದರೆ ತಾವು 'ಮಾರಿಷಸ್ ಟೈಮ್ಸ್' ಎಂಬ ಇಂಗ್ಲಿಷ್ ವಾರಪತ್ರಿಕೆಯಿಂದ ಓದನ್ನು ಆರಂಭಿಸಬಹುದು. 1954ರಲ್ಲಿ ಅದನ್ನು ಸ್ಥಾಪಿಸಿದ ಬಿಕ್ರಮಸಿಂಗ್ ರಾಮಲಾಲಾ ಅವರು, ಕೂಲಿಕಾರರು ಬಂದಿಳಿದ ಪೋರ್ಟ್ ಲೂಯಿಯ ಘಾಟ್ ಪಾಳು ಬೀಳದಂತೆ ಉಳಿಸಲು ಶ್ರಮಿಸಿದವರೂ ಹೌದು. ಅದೇ ಆಪ್ರವಾಸಿ ಘಾಟ್ 2006ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.